ಓದುವವನೊಬ್ಬ, ಅರ್ಥ ಹೇಳುವವರು ಹಲವರು

ಪುಣೆಯ ಶನಿವಾರ ಪೇಟೆಯ ಒಂದು ಹಳೆಯ ವಾಡೆಯ ಹಿಂದೆ ಚಿಕ್ಕದೊಂದು ವಿಠೋಬನ ಗುಡಿ. ಧಾರವಾಡ, ಬೆಳಗಾವಿ ಕಡೆಯಿಂದ ನೌಕರಿಗೆಂದು ಬಂದು ಅಲ್ಲೇ ಬೇರೂರಿದ ಹದಿನೈದಿಪ್ಪತ್ತು ಮನೆಯವರು ಚಾತುರ್ಮಾಸದ ನಾಲ್ಕು ತಿಂಗಳೂ ಸಂಜೆಗೆ ಆ ಗುಡಿಯಲ್ಲಿ ಕೂಡಿ ಪುರಾಣ ಕೇಳುತ್ತಿದ್ದರು. ಹದಿನೆಂಟು ವರ್ಷದಿಂದ ಓದುವವನು ಬಿಂದುಮಾಧವ. ಅರ್ಥ ಹೇಳುವವರು ಮಾರ್ತಾಂಡರಾಯರು. ಬಿಂದುಮಾಧವ ಒಂದು ಷಟ್ಪದಿಯನ್ನು ರಾಗವಾಗಿ ಹಾಡಿ, ಕೊನೆಯ ಅಕ್ಷರವನ್ನು ಮೆಲ್ಲಗೆ ಇಳಿಸಿ, ಕತ್ತನ್ನು ತುಸು ಎಡಕ್ಕೆ ಹೊರಳಿಸುವನು. ಎಡಗಡೆಯಲ್ಲಿ ಮಣೆಯ ಮೇಲೆ ಕುಳಿತ ರಾಯರು ಕೆಮ್ಮಿ, ಶಲ್ಯ ಸರಿಪಡಿಸಿಕೊಂಡು, "ಅಂದರ..." ಎಂದು ಸುರು ಮಾಡುವರು. ಆ "ಅಂದರ" ಎಲ್ಲಿಗೆ ಹೋಗಿ ಮುಟ್ಟೀತೆಂದು ವಿಠೋಬನಿಗೂ ಗೊತ್ತಿರಲಿಲ್ಲ. ರಾಯರು ಭೋರ್ ಸಂಸ್ಥಾನದಲ್ಲಿ ಇಪ್ಪತ್ತೆಂಟು ವರ್ಷ ಪೋಸ್ಟ್‌ಮಾಸ್ತರರಾಗಿದ್ದು ನಿವೃತ್ತರಾದವರು. ಒಂದು ಪದ್ಯದ ಅರ್ಥ ಹೇಳುವಾಗ ಆ ಇಪ್ಪತ್ತೆಂಟು ವರ್ಷಗಳಲ್ಲಿ ಯಾವುದಾದರೊಂದು ವರ್ಷ ತಪ್ಪದೆ ನಡುವೆ ಬರುತ್ತಿತ್ತು.

ಬಿಂದುಮಾಧವನಿಗೆ ಆಗ ಮೂವತ್ತೆರಡು. ಅವನು ಒಂದು ಮಾತು ಆಡುವುದು, ಅದರ ಅರ್ಥವನ್ನು ಇನ್ನೊಬ್ಬರು ಹೇಳುವುದು. ಅವನ ಬದುಕು ಮೊದಲಿನಿಂದಲೂ ಹೀಗೇ ನಡೆದುಬಂದಿತ್ತು. ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಅವನು ಗುಮಾಸ್ತ. ಮುಂಜಾನೆ ಬಾಗಿಲಲ್ಲಿ ನಿಂತು ಮುನ್ನೂರು ಕೆಲಸಗಾರರ ಹಾಜರಿ ಓದುವುದು ಅವನ ಪಾಲಿನ ಕೆಲಸ. ಒಂದು ಹೆಸರು ಓದಿ ನಿಲ್ಲುವನು, "ಹಜರ್" ಎಂದು ಉತ್ತರ ಬರುವುದು, ಆಮೇಲೆ ಮುಂದಿನ ಹೆಸರು. ಪದ್ಯ ಓದಿ ಓದಿ ಹದಗೊಂಡ ಅವನ ಬಾಯಲ್ಲಿ ಆ ಹೆಸರುಗಳೂ ರಾಗಕ್ಕೆ ಬೀಳುತ್ತಿದ್ದವು. ಹಾಜರಿ ಮುಗಿದ ಮೇಲೆ ಕೆಲವರು ಕೈಮುಗಿದು ಒಳಗೆ ಹೋಗುತ್ತಿದ್ದುದುಂಟು.

ಎಂಟು ವರ್ಷದ ಹಿಂದೆ ಬೆಟಗೇರಿಗೆ ಕನ್ಯೆ ನೋಡಲು ಹೋದಾಗಲೂ ಅಷ್ಟೇ. ಹುಡುಗಿ ಒಪ್ಪಿಗೆಯೇ ಎಂದು ಕೇಳಿದರೆ ಬಿಂದುಮಾಧವ "ಆಗಬಹುದು" ಎಂದು ಹೇಳಿ ಎಡಕ್ಕೆ ನೋಡಿದ. ಅದರ ಅರ್ಥವನ್ನು ಅವನ ತಂದೆ ಕಾಲು ತಾಸು ಹೇಳಿದರು. ಆ ಅರ್ಥದೊಳಗೆ ಎರಡು ಬೆಳ್ಳಿಯ ತಂಬಿಗೆ, ಒಂದು ತಾಮ್ರದ ಹಂಡೆ ಸಹ ಬಂದವು. ಈಗ ತಂದೆ ಇಲ್ಲ. ಮನೆಯಲ್ಲಿ ಅರ್ಥ ಹೇಳುವ ಕೆಲಸವನ್ನು ತಾಯಿ ರಂಗೂಬಾಯಿ ವಹಿಸಿಕೊಂಡಿದ್ದರು. ಮಗ "ಸಾರು ಅದಲ್ಲ" ಎಂದರೆ ಸಾಕು, "ಉಪ್ಪು ಕಡಿಮಿ ಬಿದ್ದದ ಅಂತಾನ" ಎಂದು ಅವರು ಒಳಗಿದ್ದ ಸೊಸೆ ಇಂದೂಗೆ ತಿಳಿಸುವರು. ಸಾರು ಇನ್ನೂ ಇದೆಯೇ ಎಂದು ಮಗ ಕೇಳಿದ್ದ, ಅಷ್ಟೇ.

ಇಂಥವನ ಪಾಲಿಗೆ ಆ ವರ್ಷ, ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ, ಮುರುಗೆಪ್ಪ ಬಂದ.

ಚಾತುರ್ಮಾಸದಲ್ಲಿ ವ್ರತಕ್ಕೆಂದು ತಿಂಗಳಿಗೊಂದು ಪದಾರ್ಥ ಅಡಿಗೆಮನೆಯಿಂದ ಹೊರಬೀಳುತ್ತದೆ: ಮೊದಲು ಕಾಯಿಪಲ್ಯ, ಆಮೇಲೆ ಮೊಸರು, ಆಮೇಲೆ ಹಾಲು, ಕಡೆಗೆ ಬೇಳೆ. ದಸರೆಯ ಹೊತ್ತಿಗೆ ಹಾಲು ತಿರುಗಿ ಮನೆಗೆ ಬಂದು ಬೇಳೆ ಹೊರಗೆ ಹೋಗಿತ್ತು. ಹಾಲು ಕಂಡ ಸಂತೋಷಕ್ಕೆ ಎಲ್ಲರೂ ಎರಡೆರಡು ಬಟ್ಟಲು ಚಹಾ ಕುಡಿದು ಗುಡಿಗೆ ಬಂದಿದ್ದರು. ಆ ಸಂಜೆ ಕಂಬದ ಹತ್ತಿರ ಹೊಸಬನೊಬ್ಬ ಕುಳಿತಿದ್ದ. ದಪ್ಪ ಮೀಸೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಬೆತ್ತ. ಗದಗಿನ ನಾಟಕ ಕಂಪನಿಯ ಮಾಲಕ ಮುರುಗೆಪ್ಪ ಅವನು. ಕಂಪನಿ ಪುಣೆ ಕ್ಯಾಂಪಿನ ಮೈದಾನದಲ್ಲಿ ಡೇರೆ ಹೊಡೆದು ಒಂದು ತಿಂಗಳಾಗಿತ್ತು.

ಮಂಗಳಾರತಿ ಆದ ಮೇಲೆ ಮುರುಗೆಪ್ಪ ನೆಟ್ಟಗೆ ಬಿಂದುಮಾಧವನ ಮುಂದೆ ಬಂದು ಕುಳಿತ.

"ತಮ್ಮ ಹೆಸರ ಏನ್ರಿ?"

"ಬಿಂದುಮಾಧವ," ಎಂದು ಹೇಳಿ ಅವನು ಎಡಕ್ಕೆ ನೋಡಿದ.

"ಅಂದರ, ನಮ್ಮ ಗೋವಿಂದರಾಯರ ಮಗಾ," ಎಂದು ಮಾರ್ತಾಂಡರಾಯರು ಮುಂದುವರಿಸಿದರು. "ಖಡಕಿಯೊಳಗ ನೌಕರಿ. ಪೆನ್ಶನ್ ಬರೂ ನೌಕರಿ."

ಮುರುಗೆಪ್ಪ ಆ ಕಡೆ ತಿರುಗಲಿಲ್ಲ. "ನೋಡ್ರಿ ಬಿಂದಪ್ಪನಾರ. ನಮ್ಮ ರಾಜಾಪಾರ್ಟ್ ಮಾಡಾಂವ ಬ್ಯಾರೆ ಕಂಪನಿಗೆ ಓಡಿಹೋದ, ಕಿರೀಟ ಸುದ್ದಾ ಹೊತಗೊಂಡ ಹ್ವಾದ. ಕಿರೀಟ ಮತ್ತೊಂದ ಮಾಡಿಸಬಹುದು. ಬಣ್ಣಾ ಹಚ್ಚಿ ಎಂಥಾ ಮಾರೀನೂ ರಾಜನ ಮಾರಿ ಮಾಡತೀನಿ. ಆದರ ದನಿ ನನ್ನ ಪೆಟಗಿಯೊಳಗ ಇಲ್ಲ. ನೀವು ಗದಗಿಗೆ ಬರ್ರಿ. ಇರಾಕ ಎರಡ ಖೋಲಿ ಕೊಡತೀನಿ, ಮಡಿ ನೀರಿಗೆ ಬಾವಿ ಐತಿ. ದೀಪಾವಳಿ ಪಾಡ್ಯಾದ ಮರುದಿನ, ಬಿದಿಗಿ ದಿನ, ಮುಂಜಾನಿ ಹನ್ನೊಂದಕ್ಕ ನಮ್ಮ ಗಾಡಿ. ಹೂಂ ಅಂತೀರೇನು?"

ಹುಡುಗನಾಗಿದ್ದಾಗಿನಿಂದ ಯಾರಿಗೂ ಹೇಳದ ಒಂದು ಸಂಗತಿ ಬಿಂದುಮಾಧವನಲ್ಲಿತ್ತು. ಪದ್ಯ ಓದುವಷ್ಟು ಹೊತ್ತು ಅವನು ರಾಜನಾಗಿರುತ್ತಿದ್ದ, ಮುನಿಯಾಗಿರುತ್ತಿದ್ದ, ಮಗನನ್ನು ಕಳೆದುಕೊಂಡ ತಾಯಿಯಾಗಿರುತ್ತಿದ್ದ. ಕೊನೆಯ ಅಕ್ಷರ ಇಳಿದ ಕೂಡಲೇ ಗುಮಾಸ್ತನಾಗಿಬಿಡುತ್ತಿದ್ದ. ನಿಲ್ಲಿಸದೆ ಹಾಗೇ ಇದ್ದುಬಿಟ್ಟರೆ ಏನಾದೀತು ಎಂದು ಎಷ್ಟೋ ಸಲ ಅನಿಸಿತ್ತು. ಆದರೂ ಈಗ ಅವನ ಬಾಯಿಂದ ಬಂದದ್ದು ಇಷ್ಟೇ:

"ಪುರಾಣ ನಡದದರಿ."

"ಅಂದರ," ಎಂದರು ರಾಯರು, "ಪುರಾಣ ಹಿಡಿದ ಮ್ಯಾಲೆ ಮಂಗಳ ಆಗೂತನಕಾ ಓದಾವ್ರು ಪೀಠ ಬಿಟ್ಟು ಏಳಬಾರದು. ಮಂಗಳ ಆಗೂದು ಉತ್ಥಾನ ದ್ವಾದಶಿಗೆ. ನಿಮ್ಮ ಗಾಡಿ ಹೋಗೂದು ಅದಕ್ಕಿಂತ ಹತ್ತು ದಿನ ಮೊದಲ. ಆದ್ದರಿಂದ ಬರೂದಿಲ್ಲ ಅಂತ ಅರ್ಥ."

ಮುರುಗೆಪ್ಪ ಬಿಂದುಮಾಧವನ ಮುಖವನ್ನೇ ನೋಡಿದ. "ಅರ್ಥ ಇವರು ಹೇಳಿದ್ರು. ನೀವೇನಂತೀರಿ?"

ಬಿಂದುಮಾಧವ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ. ಗಂಟು ಹಾಕಿದ. ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹಾಕಿದ.

"ಇರ್ಲಿ," ಎಂದ ಮುರುಗೆಪ್ಪ ಏಳುತ್ತ. "ಬಿದಿಗಿತನಕ ವ್ಯಾಳ್ಯಾ ಐತಿ. ನಡುವ ಒಂದ ಆಯಿತವಾರ ಡೇರೆಗೆ ಬರ್ರಿ, ತಾಲೀಮು ನೋಡೂಣು."

ಸುದ್ದಿ ಬಿಂದುಮಾಧವನಿಗಿಂತ ಮೊದಲು ಮನೆ ಮುಟ್ಟಿತ್ತು. ರಂಗೂಬಾಯಿ ಜಪಮಾಲೆ ಹಿಡಿದು ನಡುಮನೆಯಲ್ಲಿ ಕುಳಿತಿದ್ದರು, ಮಾಲೆ ತಿರುಗುತ್ತಿರಲಿಲ್ಲ.

"ಕಂಪನಿ ಅನ್ನದಾಗ ಉಳ್ಳಾಗಡ್ಡಿ ಹಾಕತಾರಂತ," ಎಂದರು.

"ನಮಗ ಬ್ಯಾರೆ ಖೋಲಿ ಅವ್ವ."

"ನೋಡು, ಖೋಲೀತನಕಾ ವಿಚಾರ ಮಾಡ್ಯಾನ. ಅಂದರ ಹೊಂಟಾನ ಅಂತ ಅರ್ಥ," ಎಂದು ರಂಗೂಬಾಯಿ ಒಳಗಿನ ಸೊಸೆಗೆ ತಿಳಿಸಿದರು. ಬಳಿಕ ಮಗನ ಕಡೆ ತಿರುಗಿದರು. "ಮಾರಿಗೆ ಬಣ್ಣಾ ಬಳಕೊಂಡು ನಾಳೆ ನಿಮ್ಮಪ್ಪನ ಶ್ರಾದ್ಧಕ್ಕ ಹ್ಯಾಂಗ ಕೂಡತೀ?"

"ತೊಳಕೊಂಡು ಕೂಡತೀನಿ."

"ಹೊಂಟಾನ, ಖರೇನ ಹೊಂಟಾನ."

ಬಿಂದುಮಾಧವನಿಗೆ ತಾನು ಹೊರಟಿದ್ದೇನೋ ಇಲ್ಲವೋ ತಿಳಿಯದು. ರಾಯರ ಅರ್ಥ ಕೇಳಿದಾಗ ಹೋಗುವುದಿಲ್ಲ ಅನಿಸಿತ್ತು, ತಾಯಿಯ ಅರ್ಥ ಕೇಳಿದರೆ ಹೊರಟೇಬಿಟ್ಟೆ ಅನಿಸುತ್ತಿತ್ತು. ಇಂದೂ ಮಾತ್ರ ಬೇಳೆಯಿಲ್ಲದ ಸಾರು ಬಡಿಸಿ, ಅವನು ಉಂಡೆದ್ದ ಮೇಲೆ ಎಲೆ ಅಡಿಕೆ ಕೊಡುತ್ತ ಕೇಳಿದಳು:

"ಎಷ್ಟು ಪದ್ಯ ಉಳದಾವ್ರಿ ಪುರಾಣದೊಳಗ?"

"ಮುನ್ನೂರಾ ಎಂಬತ್ತನಾಲ್ಕು. ಯಾಕ?"

ಇಂದೂ ಬೆರಳು ಮಡಚಿದಳು. "ದಿನಾ ಹನ್ನೆರಡು ಓದಿದ್ರ ದ್ವಾದಶಿಗೆ ಮಂಗಳ. ಖರೆ. ದಿನಾ ಇಪ್ಪತ್ತು ಓದಿದ್ರ ಅಮಾಸಿಗೇ ಮುಗೀತದ. ಪಾಡ್ಯಾಕ್ಕ ಸಾಮಾನು ಕಟ್ಟೂದು, ಬಿದಿಗಿ ದಿನ ಗಾಡಿ ಹತ್ತೂದು, ಅಕ್ಕನ ತದಿಗಿಗೆ ಬೆಟಗೇರಿ."

ಬಿಂದುಮಾಧವ ಅಡಿಕೆ ಬಾಯಿಗೆ ಹಾಕುವುದನ್ನು ಮರೆತ. ಹೆಂಡತಿ ಅಡ್ಡ ಬರುತ್ತಾಳೆ, ಅವಳ ಕಣ್ಣೀರು ನೋಡಿ ತಾನು ಸುಮ್ಮನಾಗುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಅವಳ ತವರು ಬೆಟಗೇರಿ ಗದಗಿಗೆ ಹತ್ತಿಕೊಂಡೇ ಇದೆ ಎಂಬುದು ಅವನ ತಲೆಗೆ ಹೊಳೆದಿರಲೇ ಇಲ್ಲ.

"ನಿನಗ ಹೋಗೂ ಮನಸದ?"

"ಎಂಟು ವರ್ಷಾತು ಇಲ್ಲಿ ನಳದ ಮುಂದ ನಿಂತು ಮರಾಠಿಯೊಳಗ ಜಗಳಾಡತೀನಿ. ನನ್ನ ಭಾಷಾದಾಗ ಒಮ್ಮೆ ಬಾಯಿತುಂಬ ಜಗಳಾಡಬೇಕಾಗೇದ. ಅದು ನನ್ನ ಮಾತು. ಆದರ ಹೋಗಾವ್ರು ನೀವು. ಅತ್ತಿಯವರು ಒಂದು ಅಂತಾರ, ರಾಯರು ಒಂದು ಅಂತಾರ. ನಿಮ್ಮ ಮನಸಿನಾಗ ಏನದ?"

"ಮೊದಲ ಮಂಗಳ ಆಗಲಿ," ಎಂದ ಬಿಂದುಮಾಧವ.

ಮರುದಿನದಿಂದ ಗುಡಿಯಲ್ಲಿ ಒಂದು ವಿಚಿತ್ರ ಸ್ಪರ್ಧೆ ನಡೆಯಿತು. ಇಪ್ಪತ್ತು ಓದಬೇಕೆಂದು ಬಿಂದುಮಾಧವ ಹೊತ್ತಿಗೆ ಮೊದಲೇ ಬಂದು ಕುಳಿತ. ರಾಯರಿಗೆ ವಾಸನೆ ಹತ್ತಿತ್ತು. ಇಂಥ ಓದುಗ ಹೋದರೆ ಇನ್ನೊಬ್ಬ ಸಿಕ್ಕುವುದಿಲ್ಲ, ಓದುಗನಿಲ್ಲದ ಅರ್ಥವನ್ನು ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಂದಿನ ಮೊದಲ ಪದ್ಯದಲ್ಲಿ ರಾಜ ಬೇಟೆಯಾಡಿ ದಣಿದು ಒಂದು ಕೆರೆಯ ದಂಡೆಗೆ ಬರುತ್ತಾನೆ.

"ಅಂದರ, ಕೆರಿ," ಎಂದರು ರಾಯರು. "ಕೆರಿ ಅಂದರ ಎಂಥಾ ಕೆರಿ? ಭೋರದೊಳಗ ನಮ್ಮ ಕಚೇರಿ ಹಿಂದ ಒಂದು ಕೆರಿ ಇತ್ತು. ಒಂದ ವರ್ಷ ಭಾಳ ಮಳಿ. ಘಾಟ ಇಳದು ಟಪಾಲು ತರೂ ಹರಿಕಾರ ಆ ಕೆರಿಯೊಳಗ ಬಿದ್ದ, ಚೀಲದ ಸುದ್ದಾ ಬಿದ್ದ. ಅಷ್ಟೂ ಕಾಗದಾ ನಾನು ದೊಡ್ಡ ರಾಣೀಸಾಹೇಬರ ಅಂಗಳದಾಗ ಒಣಗ ಹಾಕಿದೆ. ಒಣಗೂದರಾಗ ಯಾರ ಮನ್ಯಾಗ ಏನು ನಡದದ ಅಂತ ಇಡೀ ಸಂಸ್ಥಾನಕ್ಕ ತಿಳೀತು. ಎರಡು ಲಗ್ನ ಮುರದು ಹೋದವು."

ಯಾರ ಲಗ್ನ ಎಂದು ಹೆಂಗಸರ ಸಾಲಿನಿಂದ ಒಂದು ದನಿ ಕೇಳಿತು. ರಾಯರು ಅದನ್ನೂ ಹೇಳಿದರು. ರಾಜ ಕೆರೆಯ ನೀರು ಕುಡಿಯುವಷ್ಟರಲ್ಲಿ ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದ್ದಾಯಿತು. ಮಂಗಳಾರತಿಯ ಹೊತ್ತಿಗೆ ಲೆಕ್ಕ ಹಾಕಿದರೆ ಹನ್ನೆರಡೇ ಪದ್ಯ. ಮರುದಿನವೂ ಹನ್ನೆರಡು. ಅದರ ಮರುದಿನ ಕಷ್ಟಪಟ್ಟು ಹನ್ನೊಂದು.

ಒಂದು ವಾರ ಇಂದೂ ಹೆಂಗಸರ ಸಾಲಿನಲ್ಲಿ ಕುಳಿತು ಎಣಿಸಿದಳು. ಎಂಟನೆಯ ದಿನ ಮನೆಗೆ ಬರುವ ಓಣಿಯಲ್ಲಿ, ಅತ್ತೆ ನಾಲ್ಕು ಹೆಜ್ಜೆ ಮುಂದಿದ್ದಾಗ, ಮೆತ್ತಗೆ ಹೇಳಿದಳು:

"ರಾಯರು ಅರ್ಥಾ ಹಿಂಜತಾರ, ಖರೆ. ಆದರ ಒಂದೊಂದು ಪದ್ಯಾ ಎರಡೆರಡು ಸರ್ತಿ ಓದಾವ್ರು ಯಾರು?"

"ಆ ರಾಗ ಸರಿ ಬೀಳಲಿಲ್ಲ."

"ಹದಿನೆಂಟು ವರ್ಷದಿಂದ ಸರಿ ಬಿದ್ದ ರಾಗ ಈ ವಾರನ ಯಾಕ ಕೆಟ್ಟಿತ್ರಿ?"

ಬಿಂದುಮಾಧವ ಕಾಲ ಕೆಳಗೆ ನೋಡುತ್ತ ನಡೆದ.

"ಅಂಜಿಕಿ ಅದ?"

"ಅದ."

"ಅದನ್ನ ಮೊದಲ ಹೇಳಬೇಕಿತ್ತಲ್ಲ," ಎಂದಳು ಇಂದೂ. "ನಾನು ಸುಮ್ಮನ ಆ ಮುದುಕರಿಗೆ ಎಂಟು ದಿನ ಬೈಕೊಂಡೆ."

ಆ ಆದಿತ್ಯವಾರ ಬಿಂದುಮಾಧವ ಕ್ಯಾಂಪಿಗೆ ಹೊರಟ. ಮಾರ್ತಾಂಡರಾಯರು ಶಲ್ಯ ಹೊದ್ದು ಓಣಿಯ ತುದಿಯಲ್ಲಿ ಸಿದ್ಧರಾಗಿ ನಿಂತಿದ್ದರು. "ನೀ ಒಬ್ಬನ ಹೋಗಿ ಏನ ಮಾತಾಡತೀ? ನಾ ಬರತೀನಿ," ಎಂದು ಟಾಂಗಾದಲ್ಲಿ ಮೊದಲು ಹತ್ತಿ ಕುಳಿತರು.

ಡೇರೆಯೊಳಗೆ ತಾಲೀಮು ನಡೆದಿತ್ತು. ರಾಣಿಯ ಪಾತ್ರ ಮಾಡುವ ಸುಂದರನೆಂಬ ನಟ ಸೀರೆಯುಟ್ಟು, ಒಂದು ಕಾಲನ್ನು ಪೆಟ್ಟಿಗೆಯ ಮೇಲೆ ಇಟ್ಟು ಬೀಡಿ ಸೇದುತ್ತಿದ್ದ. ಬಿಂದುಮಾಧವನನ್ನು ಕಂಡು ಬೀಡಿ ಹಿಂದಕ್ಕೆ ಮರೆಮಾಡಿ ಸೆರಗು ಸರಿಪಡಿಸಿಕೊಂಡ. ಅಷ್ಟರಲ್ಲೇ ಅವನು ಹೆಣ್ಣಾಗಿದ್ದ. ರಾಯರು ಅರಿಯದೆ ನಮಸ್ಕಾರ ಮಾಡಿದರು.

ಮುರುಗೆಪ್ಪ ಬಿಂದುಮಾಧವನ ಕೈಗೆ ಕಾಗದ ಕೊಟ್ಟ. ರಾಜ್ಯ ಬಿಟ್ಟು ಹೊರಡುವ ಅರಸ ರಾಣಿಗೆ ಹೇಳುವ ಮಾತುಗಳು. ಬಿಂದುಮಾಧವ ಗಂಟಲು ಸರಿಪಡಿಸಿಕೊಂಡು ಸುರು ಮಾಡಿದ. ಮೊದಲ ಮಾತೇ ರಾಗಕ್ಕೆ ಹೊರಳಿತು. "ದೇವಿ, ಕುದುರೆಯನ್ನು ಕಟ್ಟಿಸಿದ್ದೇನೆ" ಎಂಬ ಸಾದಾ ಸುದ್ದಿ ಆರತಿಯ ಹಾಡಿನಂತೆ ಕೇಳಿ, ಹಾರ್ಮೋನಿಯಂ ಪೆಟಿಗೆಯವನು ತಾನಾಗಿ ಶ್ರುತಿ ಹಿಡಿದ.

"ಹಾಡಬ್ಯಾಡ್ರಿ," ಎಂದ ಮುರುಗೆಪ್ಪ. "ನಿಮ್ಮ ಮನಿಯವರ ಕೂಡ ಹ್ಯಾಂಗ ಮಾತಾಡತೀರಿ?"

"ಅವರ ಮನ್ಯಾಗ ಅಂವಾ ಮಾತಾಡೂದಿಲ್ಲ," ಎಂದರು ಮರದ ಬಾಕಿನ ಮೇಲೆ ಕುಳಿತ ರಾಯರು.

ಬಿಂದುಮಾಧವ ಮತ್ತೆ ಸುರು ಮಾಡಿದ. ಈ ಸಲ ರಾಗ ಬಿಟ್ಟಿತು. ದನಿ ಡೇರೆಯ ತುದಿಗೆ ಮುಟ್ಟಿತು, ಮೂಲೆಯಲ್ಲಿ ಪಗಡೆ ಆಡುತ್ತಿದ್ದವರು ಕೈ ತಡೆದು ನೋಡಿದರು. "ನಾನು ಹೊರಟೆ. ಈ ಅರಮನೆ, ಈ ಸಿಂಹಾಸನ, ಇನ್ನು ನನ್ನವಲ್ಲ," ಎಂದ ಅರಸ. ಅಷ್ಟು ಹೇಳಿ ನಿಲ್ಲಿಸಿದ. ಕತ್ತು ತುಸು ಎಡಕ್ಕೆ ಹೊರಳಿತು.

ಎಲ್ಲರೂ ಕಾದರು. ಸುಂದರನು ರಾಣಿಯ ಕಣ್ಣೀರನ್ನು ಸಿದ್ಧ ಮಾಡಿಕೊಂಡು ಕಾದ.

"ಮುಂದ?" ಎಂದ ಮುರುಗೆಪ್ಪ.

ಬಿಂದುಮಾಧವ ಎಡಕ್ಕೇ ನೋಡುತ್ತಿದ್ದ. ತಾನು ಏನನ್ನು ಕಾಯುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ರಾಯರಿಗೆ ಮಾತ್ರ ಗೊತ್ತಿತ್ತು. ಅವರು ಬಾಕಿನಿಂದ ಎದ್ದು, ಕೆಮ್ಮಿ, ಶಲ್ಯ ಸರಿಪಡಿಸಿಕೊಂಡರು.

"ಅಂದರ, ಸಿಂಹಾಸನ. ಸಿಂಹಾಸನ ಅಂದರ ಬರೇ ಕುರ್ಚಿ ಅಲ್ಲ. ಭೋರದೊಳಗ ಮಹಾರಾಜರ ಕುರ್ಚಿ ನಾ ಕಣ್ಣಾರೆ ನೋಡೇನಿ..."

ಡೇರೆಗೆ ಡೇರೆಯೇ ನಕ್ಕಿತು. ಸುಂದರನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಯ ಮೇಲೆ ಕುಸಿದ. ಬಿಂದುಮಾಧವನ ಕಿವಿ ಕೆಂಪಾದವು. ಮುರುಗೆಪ್ಪ ಒಬ್ಬನೇ ನಗಲಿಲ್ಲ. ರಾಯರ ಹತ್ತಿರ ಬಂದು ಕೈಮುಗಿದು, "ರಾಯರ, ನಾಟಕದಾಗ ಅರ್ಥಾ ಜನಾ ತಮ್ಮ ತಮ್ಮ ಮನಿಗೆ ಹೋಗಿ ಹೇಳಕೊಂತಾರ. ನೀವು ಒಂದೀಟ ಹೊರಗ ಚಾ ಕುಡದು ಬರ್ರಿ," ಎಂದ.

ರಾಯರು ಹೊರಗೆ ಹೋದರು. ಆದರೂ ಬಿಂದುಮಾಧವನ ಕತ್ತು ಬಿಡಲಿಲ್ಲ. ಎರಡನೆಯ ಸಲ ನಿಂತ, ಖಾಲಿ ಬಾಕಿನ ಕಡೆ ನೋಡಿದ. ಮೂರನೆಯ ಸಲವೂ ನೋಡಿದ. ನಾಲ್ಕನೆಯ ಸಲ ಸುಂದರ ಎದ್ದು ಬಂದು ಅವನ ಎಡಕ್ಕೆ ನಿಂತ, ಹೊಟ್ಟೆಪಾಡಿನ ದಣಿವಿದ್ದ ಗಂಡಸಿನ ದನಿಯಲ್ಲಿ ಹೇಳಿದ:

"ಅಣ್ಣಾವ್ರ, ಈ ಕಡೆ ಯಾರೂ ಇಲ್ಲ, ನಾ ಅದೀನಿ. ನೀವು ಬಿಟ್ಟು ಹೊಂಟಿದ್ದು ನನ್ನ. ನಿಮಗ ಮನಸಿದ್ದು ಹೊಂಟೀರೋ, ಮನಸಿಲ್ಲದ ಹೊಂಟೀರೋ ನನಗ ಗೊತ್ತಾಗವಲ್ದು. ಅದನ್ನ ನೀವ ಹೇಳಬೇಕು."

ಬಿಂದುಮಾಧವ ಅವನನ್ನು ನೋಡಿದ. ಬೀಡಿಯ ವಾಸನೆ, ಮಾಸಿದ ಜರಿ, ಕಣ್ಣ ಕೆಳಗೆ ಕಪ್ಪು. "ನಾನು ಹೊರಟೆ," ಎಂದ. ಈ ಸಲ ನಿಲ್ಲಲಿಲ್ಲ. ಸಿಂಹಾಸನ, ಅರಮನೆ, ಕುದುರೆ, ಹಿಂದೆ ಬಿಟ್ಟುಹೋಗುವ ಊರು, ಎಲ್ಲ ಒಂದರ ಹಿಂದೊಂದು ಬಂದವು. ಕಾಗದದಲ್ಲಿದ್ದುದು ಮುಗಿದಾಗ ಮಾತು ಮುಗಿದಿತ್ತು, ಅವನು ಇನ್ನೂ ಅರಸನೇ ಆಗಿದ್ದ. ರಾಣಿ ಹೇಳಬೇಕಾದ ಮಾತನ್ನು ಸುಂದರ ಮರೆತೇಬಿಟ್ಟಿದ್ದ.

"ಬಿದಿಗಿ ದಿನ ಹನ್ನೊಂದಕ್ಕ," ಎಂದ ಮುರುಗೆಪ್ಪ. "ಬಂದ್ರ ಬರ್ರಿ, ಬರದಿದ್ರ ಯಾರಿಂದಾನೂ ಅರ್ಥ ಹೇಳಿಸಿ ಕಳಸಬ್ಯಾಡ್ರಿ."

ತಿರುಗಿ ಬರುವಾಗ ಟಾಂಗಾದಲ್ಲಿ ರಾಯರು ಒಂದು ಮಾತೂ ಆಡಲಿಲ್ಲ. ಅವರು ಡೇರೆಯ ಹೊರಗೆ ಚಹಾ ಕುಡಿಯದೆ, ಬಟ್ಟೆಯ ಸೀಳಿನಿಂದ ನೋಡುತ್ತ ನಿಂತಿದ್ದರೆಂದು ಬಿಂದುಮಾಧವನಿಗೆ ಗೊತ್ತಾಗಲಿಲ್ಲ.

ಕಾರಖಾನೆಯ ಹೆಡ್‌ಕ್ಲಾರ್ಕನ ಮುಂದೆ ಮೂರು ತಿಂಗಳ ರಜೆಯ ಅರ್ಜಿ ಇಟ್ಟಾಗ ಅವನು ಕನ್ನಡಕ ಮೇಲೇರಿಸಿ, "ಮಗ ಹಜೇರಿ ಕೋಣ ವಾಚಣಾರ?" ಎಂದು, ಹಾಗಾದರೆ ಹಾಜರಿ ಓದುವವರು ಯಾರೆಂದು ಕೇಳಿದ. ಹಾಜರಿ ಯಾರಾದರೂ ಓದಿಯಾರು ಎಂದು ಬಿಂದುಮಾಧವ ಮರಾಠಿಯಲ್ಲೇ ಹೇಳಿದ. ಹೇಳಿ ಎಡಕ್ಕೆ ನೋಡಲಿಲ್ಲ. ಆದರೆ ಮನೆಯಲ್ಲಿ ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಅರ್ಜಿಯ ಸಂಗತಿ ಇಂದೂಗೆ ಗೊತ್ತು, ಅವಳು ಕೆದಕಲಿಲ್ಲ. ದೀಪಾವಳಿ ಬಂತು. ಬೇಳೆಯಿಲ್ಲದ ದೀಪಾವಳಿಗೆ ರಂಗೂಬಾಯಿ ತೆಂಗಿನಕಾಯಿಯ ಕಡುಬು ಮಾಡಿ, "ತಿನ್ನು, ಮುಂದಿನ ವರ್ಷ ಯಾರು ಎಲ್ಲೋ," ಎಂದು ಎರಡು ಹೆಚ್ಚು ಹಾಕಿದರು. ಅಮಾವಾಸ್ಯೆಯ ಸಂಜೆ ಗುಡಿಯಲ್ಲಿ ಅಂದಿನ ಪದ್ಯಗಳು ಮುಗಿದಾಗ ಇನ್ನೂ ನೂರಾ ನಲವತ್ತನಾಲ್ಕು ಉಳಿದಿದ್ದವು.

ಆರತಿಗೆ ಮೊದಲು ಬಿಂದುಮಾಧವ ಪುಸ್ತಕ ಮುಚ್ಚಿ, ಸಭೆಯ ಕಡೆ ನೋಡಿ ಹೇಳಿದ:

"ನಾ ನಾಡದು ಗದಗಿಗೆ ಹೋಗಾಂವ."

ಇಷ್ಟು ಹೇಳುವಷ್ಟರಲ್ಲೇ ಅವನ ಉಸಿರು ತೀರಿತು. ಅಷ್ಟು ಸಾಕಾಯಿತು.

"ಅಂದರ," ಎಂದರು ರಾಯರು, "ನಾಡದು ಗದಗಿಗೆ ಹೋಗಬೇಕಂತ ಅವನ ಆಶಾ ಇತ್ತು. ಆಶಾ ಮನುಷ್ಯಗ ಸಹಜ. ಆದರ ಪುರಾಣ ಅರ್ಧಕ್ಕ ಬಿಟ್ಟು ಎಲ್ಲಿ ಹೋದಾನು? ಮನಸಿನಿಂದ ಹೋಗಿ ಬರತೀನಿ, ದೇಹದಿಂದ ಇಲ್ಲೇ ಇರತೀನಿ ಅಂತ ಈ ಮಾತಿನ ತಾತ್ಪರ್ಯ."

ಸಭೆ ತಲೆಯಾಡಿಸಿತು. ಎಷ್ಟು ಚೆಂದ ಹೇಳಿದ ಎಂದರು ಕೆಲವರು. "ನನ್ನ ಮಗಾ ಮೊದಲಿನಿಂದ ಹಿಂಗ, ಭಾಳ ತಿಳದಾಂವ," ಎಂದು ರಂಗೂಬಾಯಿ ಕಣ್ಣೊರೆಸಿಕೊಂಡರು. ಒಂದು ನಿಮಿಷ ಬಿಂದುಮಾಧವನಿಗೂ ಅದೇ ಅರ್ಥ ನಿಜವಿದ್ದೀತು ಅನಿಸಿತು. ಎಷ್ಟು ಹಗುರಾಗಿತ್ತು ಆ ಅರ್ಥ. ಅದರೊಳಗೆ ಹೊಕ್ಕು ಕುಳಿತರೆ ನಾಳೆ ಹನ್ನೆರಡು ಪದ್ಯ, ನಾಡಿದ್ದು ಹನ್ನೆರಡು, ಖಡಕಿಯ ಮುನ್ನೂರು ಹೆಸರು, ಪೆನ್ಶನ್.

"ರಾಯರ," ಎಂದ. "ಅರ್ಥ ಬ್ಯಾಡ್ರಿ ಅದಕ್ಕ. ನಾ ಹೋಗ್ತೀನಿ ಅಂದ್ರ ಹೋಗ್ತೀನಿ. ನನಗ ಅಂಜಿಕಿ ಅದ. ಆದರೂ ಹೋಗ್ತೀನಿ. ಯಾರೋ ಕರದರಂತ ಅಲ್ಲ, ಹೆಂಡತಿ ತವರು ಅಂತ ಅಲ್ಲ, ನನಗ ಆ ಕೆಲಸಾ ಮಾಡೂ ಮನಸದ, ಅದಕ್ಕ."

ಹದಿನೆಂಟು ವರ್ಷದಲ್ಲಿ ಬಿಂದುಮಾಧವ ಸ್ವಂತದ ಮಾತು ಇಷ್ಟು ಉದ್ದ ಆಡಿದ್ದನ್ನು ಆ ಗುಡಿ ಕೇಳಿರಲಿಲ್ಲ. "ಪುರಾಣ?" ಎಂದರು ರಾಯರು.

"ನಾಳೆ ಪಾಡ್ಯಾ, ಸೂಟಿ ಅದ. ಮುಂಜಾನಿ ಎಂಟಕ್ಕ ಕೂಡೋಣ. ನೂರಾ ನಲವತ್ತನಾಲ್ಕೂ ಓದಿ ಮಂಗಳ ಮಾಡಿ ಏಳತೀನಿ."

"ನೂರಾ ನಲವತ್ತನಾಲ್ಕಕ್ಕ ಅರ್ಥಾ ಹೇಳಲಿಕ್ಕೆ ನನಗ ಮುಂದಿನ ಆಷಾಢ ಬರತದ."

"ಅದಕ್ಕ ಅರ್ಥಿಲ್ಲದ ಓದತೀನ್ರಿ."

ರಾಯರು ಶಲ್ಯ ಕೊಡವಿ ಎದ್ದು ಹೋದರು. ಬೆಳಗಾದರೆ ಬರುವುದಿಲ್ಲ ಎಂದು ಎಲ್ಲರೂ ತಿಳಿದರು.

ಪಾಡ್ಯದ ಮುಂಜಾನೆ ಎಣ್ಣೆ ನೀರು ಎರೆದುಕೊಂಡು, ಹೊಸ ಧೋತರದ ಗಂಜಿಯ ಸಪ್ಪಳದೊಡನೆ ಜನ ಕೂಡಿದಾಗ ರಾಯರು ತಮ್ಮ ಮಣೆಯ ಮೇಲೆ ಕುಳಿತೇ ಇದ್ದರು. ಯಾರ ಕಡೆಗೂ ನೋಡಲಿಲ್ಲ. ಬಿಂದುಮಾಧವ ಕೈಮುಗಿದು ಸುರು ಮಾಡಿದ. ಮೊದಲ ಪದ್ಯ ಮುಗಿಯಿತು. ರಾಯರು ಕೆಮ್ಮಿದರು. ಎರಡನೆಯ ಪದ್ಯ ಸುರುವಾಗಿತ್ತು. ಎರಡನೆಯದು ಮುಗಿದಾಗ ಅವರ ಕೈ ಶಲ್ಯಕ್ಕೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಹತ್ತನೆಯ ಪದ್ಯದ ಹೊತ್ತಿಗೆ ಅವರ ಹಣೆಯಲ್ಲಿ ಬೆವರು. ಒಂದು ಪದ್ಯದಲ್ಲಿ ಮತ್ತೆ ಕೆರೆ ಬಂದಾಗ ರಾಯರು ಎರಡೂ ಕೈಯಿಂದ ಮಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೂವತ್ತು ದಾಟಿದ ಮೇಲೆ, ಇಷ್ಟು ವರ್ಷ ಪದ್ಯವೆಂದರೆ ಅರ್ಥಕ್ಕೆ ಮುಂಚಿನ ಗಂಟೆ ಎಂದುಕೊಂಡಿದ್ದವರು ಮೊದಲ ಬಾರಿ ಪದ್ಯವನ್ನೇ ಕೇಳಿದರು. ಒಂದರ ಬಾಲ ಇನ್ನೊಂದರ ತಲೆಗೆ ಸೇರಿಕೊಂಡು, ಕಥೆ ನೀರಿನ ಹಾಗೆ ಹರಿದು ಹೋಗುತ್ತಿತ್ತು. ಕೆಲವು ಶಬ್ದ ತಿಳಿದವು, ಕೆಲವು ತಿಳಿಯಲಿಲ್ಲ. ತಿಳಿಯದ ಕಡೆಯಲ್ಲೇ ಮೈ ನವಿರೆದ್ದಿತು. ಹಿಂದಿನ ಸಾಲಿನಲ್ಲಿ ಇಬ್ಬರು ಅತ್ತರು. ಮೂವರು ನಿದ್ದೆ ಹೋದರು, ಆದರೆ ಭಕ್ತಿಯಿಂದಲೇ ಹೋದರು. ನಡುವೆ ಇಂದೂ ಬಿಸಿ ಹಾಲಿಗೆ ಮೆಣಸು ಹಾಕಿ ತಂದು ಪೀಠದ ಹತ್ತಿರ ಇಟ್ಟಳು. ಮಧ್ಯಾಹ್ನ ಹನ್ನೆರಡೂವರೆಗೆ ಕೊನೆಯ ಪದ್ಯ ಮುಗಿದು, ಮಂಗಳಾರತಿ ಆಗಿ, ರಾಯರಿಗೆ ನಮಸ್ಕಾರ ಮಾಡಲು ಬಿಂದುಮಾಧವ ಬಗ್ಗಿದ.

ರಾಯರು ಅವನ ತಲೆಯ ಮೇಲೆ ಕೈಯಿಟ್ಟರು. ನಾಲ್ಕೂವರೆ ತಾಸಿನಷ್ಟು ಮಾತು ಅವರ ಕೊರಳಲ್ಲಿ ಒತ್ತಿಕೊಂಡಿತ್ತು.

"ಡೇರೆಯೊಳಗ ನಿನ್ನ ನೋಡೇನಿ," ಎಂದರು. "ಕಡೀಗೆ ನೀ ನಿಂದರದ ಹೇಳಿದ್ಯಲ್ಲ, ಅದನ್ನ. ಅದಕ್ಕ ಅರ್ಥಾ ಹೇಳಲಿಕ್ಕೆ ನನಗ ಬರಲಿಲ್ಲ. ಅದಕ್ಕ ಸಿಟ್ಟು ಬಂದಿತ್ತು." ಆಮೇಲೆ ಸಭೆಯ ಕಡೆ ತಿರುಗಿ, ಕೆಮ್ಮಿ, ದನಿ ಎತ್ತರಿಸಿದರು: "ಯಾರೂ ಚಿಂತಿ ಮಾಡಬ್ಯಾಡ್ರಿ. ದ್ವಾದಶಿತನಕಾ ಸಂಜೀಕ ಬರ್ರಿ. ನೂರಾ ನಲವತ್ತನಾಲ್ಕರದೂ ಅರ್ಥಾ ಬಾಕಿ ಅದ. ನಡುವ ಪದ್ಯದ ಅಡಚಣಿ ಇಲ್ಲ."

ಸಭೆಯ ಮುಖ ಬಾಡಿತು. ರಾಯರ ಮುಖ ಮಾತ್ರ ಹೊಸ ಧೋತರಕ್ಕಿಂತ ಹೆಚ್ಚು ಬೆಳಗುತ್ತಿತ್ತು.

ರಂಗೂಬಾಯಿ ಅರ್ಥ ಪೂರ್ತಿ ಕೇಳಿಯೇ ಗದಗಿಗೆ ಬರುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ರಾಯರ ಮನೆಯಲ್ಲಿ ಊಟ. "ಪುಣ್ಯಾ ಅರ್ಧಾ ಬಿಟ್ಟು ಬರೂದಿಲ್ಲ ನಾ," ಎಂದರು. "ಆಮ್ಯಾಲೆ ಬರತೀನಿ. ಉಳ್ಳಾಗಡ್ಡಿ ವಾಸನಿ ಬಂತಂದ್ರ ಅದ ಗಾಡಿಗೆ ತಿರುಗಿ ಬರತೀನಿ. ಬಣ್ಣಾ ಹಚ್ಚಿಕೊಂಡದ್ದು ಮಾತ್ರ ಒಮ್ಮೆ ನೋಡಬೇಕು, ಹ್ಯಾಂಗ ಕಾಣತಾನೋ ಏನೋ."

ಅಂದು ಮಧ್ಯಾಹ್ನ ಊಟವಾದ ಮೇಲೆ ಇಂದೂ ನಡುಮನೆಯಲ್ಲಿ ಹಾಸಿಗೆ ಸುತ್ತುತ್ತಿದ್ದಳು. ಬಿಂದುಮಾಧವ ಬಾಗಿಲಿಗೆ ಒರಗಿ ನಿಂತಿದ್ದ. ಗಂಟಲು ಬಿದ್ದು ದನಿ ಗೊಗ್ಗರಾಗಿತ್ತು.

"ಗದಗಿನ ಜನಾ ನಕ್ಕರ?" ಎಂದ.

"ನಕ್ಕರ ನಕ್ಕಾರು."

"ಮೂರು ತಿಂಗಳಾದ ಮ್ಯಾಲೆ ನಡೀಲಿಲ್ಲಂದ್ರ?"

"ಅಷ್ಟರಾಗ ನನ್ನ ಜಗಳಾ ಎಲ್ಲಾ ಮುಗದಿರತಾವ, ತಿರುಗಿ ಬರೋಣಂತ. ಈಗ ಈ ಹಗ್ಗದ ತುದಿ ಗಟ್ಟಿ ಹಿಡೀರಿ. ನನಗ ಒಬ್ಬಾಕಿಗೆ ಬಿಗಿಯೂದು ಆಗವಲ್ದು."

ಅವನು ಕುಳಿತು ಹಗ್ಗ ಹಿಡಿದ. ಅವಳು ಹಾಸಿಗೆಯ ಮೇಲೆ ಮೊಣಕಾಲೂರಿ ಎಳೆದಳು.